ಕಾಣದ ನೂರು ಕೋಟಿ



ಈ ಉಪನ್ಯಾಸದ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ‘ಖ್ಯಾತ ಕ್ಯಾನ್ಸರ್ ತಜ್ಞರು’ ಎಂದು ಅಚ್ಚಾಗಿದೆ. ಮೊದಲು ಅದನ್ನು ತಿದ್ದಿಬಿಡುತ್ತೇನೆ. ನಾನು ಪೆಥಾಲಜಿಸ್ಟ್. ಜಿಲ್ಲಾ ಮಟ್ಟದ ಲ್ಯಾಬೊಂದರಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಮೂವತ್ತು ವರ್ಷ ಕೂತವನು. ರೋಗಿಗಳ ಮುಖ ನೋಡಿದ್ದಕ್ಕಿಂತ ಅವರ ರಕ್ತ ನೋಡಿದ್ದೇ ಹೆಚ್ಚು. ಲ್ಯುಕೇಮಿಯಾಕ್ಕೆ ಔಷಧಿ ಕೊಡುವವರು ಬೇರೆ. ‘ಇದು ಅದೇ’ ಎಂದು ಮೊದಲು ಬರೆದು ಸಹಿ ಹಾಕುವ ಪಾಡು ನನ್ನಂಥವರದು.

ಆದ್ದರಿಂದ ನನ್ನ ಮೇಜಿನಿಂದಲೇ ಶುರುಮಾಡುತ್ತೇನೆ. ಬೆರಳ ತುದಿಯ ಒಂದು ಹನಿ ರಕ್ತ. ಗಾಜಿನ ಸ್ಲೈಡಿನ ಒಂದು ತುದಿಗೆ ಅದನ್ನು ಇಟ್ಟು, ಇನ್ನೊಂದು ಸ್ಲೈಡಿನ ಅಂಚನ್ನು ಓರೆಯಾಗಿ ತಾಗಿಸಿ, ಒಂದೇ ಉಸಿರಿಗೆ ಮುಂದಕ್ಕೆ ತಳ್ಳಬೇಕು. ಕಾವಲಿಯ ಮೇಲೆ ದೋಸೆ ಹಿಟ್ಟು ಹರಡುವವರಿಗೆ ಈ ಕೈಹದ ಗೊತ್ತು. ನಡುವೆ ಅಳುಕಿದರೆ ಕೆಟ್ಟಿತು. ಒಣಗಿದ ಮೇಲೆ ಲೀಶ್‌ಮನ್ ಬಣ್ಣ ಹಾಕಿ ಎರಡು ನಿಮಿಷ, ಅದರ ಎರಡರಷ್ಟು ಬಫರ್ ನೀರು ಬೆರೆಸಿ ಹತ್ತು ನಿಮಿಷ. ಈ ಲೀಶ್‌ಮನ್ ನಮ್ಮ ದೇಶದಲ್ಲಿ ಕೆಲಸ ಮಾಡಿ ಹೋದ ಬ್ರಿಟಿಷ್ ಸೇನಾ ವೈದ್ಯ. 1901ರ ಅವನ ಬಣ್ಣ ಇಂದಿಗೂ ನಮ್ಮ ಲ್ಯಾಬುಗಳ ನಿತ್ಯದ ಸಾಮಾನು. ತೊಳೆದು, ಒಣಗಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ದೊಡ್ಡ ಲೆನ್ಸ್ ಇಳಿಸಿದರೆ ಎದುರಿಗೆ ಒಂದು ಊರೇ ತೆರೆದುಕೊಳ್ಳುತ್ತದೆ. ಎಲ್ಲೆಲ್ಲೂ ನಡುವೆ ತುಸು ಬಿಳುಪಾದ ಕೆಂಪು ಕಣಗಳು. ನಡುನಡುವೆ ನೇರಳೆ ಧೂಳಿನಂತೆ ಪ್ಲೇಟ್‌ಲೆಟ್‌ಗಳು. ಅಲ್ಲೊಂದು ಇಲ್ಲೊಂದು ಬಿಳಿ ಕಣ. ಬಿಳಿ ಕಣಗಳು ಒಂದು ಘನ ಮಿಲಿಮೀಟರಿಗೆ 4,000ದಿಂದ 11,000 ಇದ್ದರೆ ಸರಿ, ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ.

ಕೆಲವು ಸ್ಲೈಡುಗಳಲ್ಲಿ ಆ ಊರು ಬೇರೆಯದೇ ಆಗಿರುತ್ತದೆ. ಧೂಳು ಕಾಣುವುದಿಲ್ಲ. ಕೆಂಪು ಕಣಗಳು ವಿರಳ. ಜಾಗವನ್ನೆಲ್ಲ ಒಂದೇ ಥರದ ದಪ್ಪ ಕಣಗಳು ಆಕ್ರಮಿಸಿಕೊಂಡಿರುತ್ತವೆ. ಕಣದ ಮೈಯೆಲ್ಲ ನ್ಯೂಕ್ಲಿಯಸ್ಸೇ, ಸುತ್ತ ನೀಲಿಯ ಒಂದು ತೆಳು ಅಂಚು, ಒಳಗೆ ಒಂದೋ ಎರಡೋ ತಿಳಿಯಾದ ಚುಕ್ಕಿ. ಇವಕ್ಕೆ ಬ್ಲಾಸ್ಟ್ ಎಂದು ಹೆಸರು. ಇವು ಹೊರಗಿನಿಂದ ಬಂದ ವೈರಿಗಳಲ್ಲ, ನಮ್ಮವೇ ಎಳೆಯ ಕಣಗಳು.

ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಮೇಷ್ಟರಾದ್ದರಿಂದ ಶಾಲೆಯ ಮಾತಿನಲ್ಲೇ ಹೇಳುತ್ತೇನೆ. ನಮ್ಮ ಮೂಳೆಯೊಳಗಿನ ಮಜ್ಜೆ ಒಂದು ಶಾಲೆ. ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರುಮಾಡಿ ಹೊರಗೆ ಕಳಿಸುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್‌ಗಳದು ಬೇರೆ ಲೆಕ್ಕ. ಪ್ರತಿ ಕಣವೂ ತರಗತಿ ದಾಟಿ, ಕಸುಬು ಕಲಿತು, ಹೊರಬಿದ್ದು, ತನ್ನ ಕಾಲ ಮುಗಿದಾಗ ಸಾಯುತ್ತದೆ. ಯಾವುದೋ ಒಂದು ಎಳೆ ಕಣದ ವಂಶವಾಹಿಯಲ್ಲಿ ಪೆಟ್ಟಾದಾಗ ಅದು ಒಂದನೇ ತರಗತಿ ದಾಟುವುದಿಲ್ಲ, ಶಾಲೆಯನ್ನೂ ಬಿಡುವುದಿಲ್ಲ, ತನ್ನಂಥವನ್ನೇ ಹುಟ್ಟಿಸುತ್ತ ಬೆಂಚುಗಳನ್ನೆಲ್ಲ ತುಂಬುತ್ತದೆ. ಉಳಿದವಕ್ಕೆ ಕೂರಲು ಜಾಗವಿಲ್ಲ. ಕೆಂಪು ಕಣ ಹುಟ್ಟದೆ ಮಗು ಬಿಳಿಚಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಇಲ್ಲದೆ ಒಸಡಿನಲ್ಲಿ ರಕ್ತ, ಕಾಲಿನ ಮೇಲೆ ಸೊಳ್ಳೆ ಕಚ್ಚಿದಂಥ ಕೆಂಪು ಚುಕ್ಕಿ. ಕೆಲಸ ಬಲ್ಲ ಬಿಳಿ ಕಣ ಇಲ್ಲದೆ ಬಿಟ್ಟೂಬಿಡದ ಜ್ವರ. ಮಜ್ಜೆ ಒತ್ತಿ ತುಂಬಿದ್ದರಿಂದ ಮೂಳೆ ನೋವು, ಮೂರು ವರ್ಷದ ಮಗು ನಡೆಯುವುದನ್ನೇ ನಿಲ್ಲಿಸಬಹುದು. ಲ್ಯುಕೇಮಿಯಾ ಎಂದರೆ ಇಷ್ಟೇ. ‘ಇಷ್ಟೇ’ ಎಂದು ವೇದಿಕೆಯ ಮೇಲಿಂದ ಹೇಳುವುದು ಸುಲಭ.

ಹೆಸರು ಇಟ್ಟವನು ಜರ್ಮನಿಯ ರುಡಾಲ್ಫ್ ವಿರ್ಕೋ. 1845ರಲ್ಲಿ ಎಡಿನ್‌ಬರೋದ ಬೆನೆಟ್ ಮತ್ತು ಬರ್ಲಿನ್ನಿನಲ್ಲಿದ್ದ ಈ ಇಪ್ಪತ್ತನಾಲ್ಕರ ವಿರ್ಕೋ ಬೇರೆಬೇರೆಯಾಗಿ ಇಂಥ ಶವಗಳನ್ನು ಪರೀಕ್ಷಿಸಿದರು. ಬೆನೆಟ್ ಅದನ್ನು ರಕ್ತದಲ್ಲಿ ತುಂಬಿದ ಕೀವು ಎಂದುಕೊಂಡ. ವಿರ್ಕೋ ಹಾಗೆ ತೀರ್ಮಾನಿಸಲು ಹೋಗದೆ ಕಂಡದ್ದನ್ನಷ್ಟೇ ಹೇಳಿದ: ಬಿಳಿ ರಕ್ತ. 1847ರಲ್ಲಿ ಅದನ್ನೇ ಗ್ರೀಕಿಗೆ ತಿರುಗಿಸಿ ಲ್ಯುಕೇಮಿಯಾ ಎಂದ. ಕಂಡಷ್ಟನ್ನೇ ಹೇಳಿದ ಅವನ ಸಂಯಮ ನನಗೆ ಇಷ್ಟ. ಯಾಕೆ ಎಂದು ಮುಂದೆ ಬರುತ್ತದೆ.

ಬಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವಾರಗಳಲ್ಲಿ ಏರುವುದು ಅಕ್ಯೂಟ್, ವರ್ಷಗಟ್ಟಲೆ ಎಳೆಯುವುದು ಕ್ರಾನಿಕ್. ಲಿಂಫಾಯ್ಡ್ ಕವಲಿನದು ಒಂದು, ಮೈಲಾಯ್ಡ್ ಕವಲಿನದು ಇನ್ನೊಂದು. ಎರಡೆರಡು ನಾಲ್ಕು ಮುಖ್ಯ ಬಗೆ. ಮಕ್ಕಳಲ್ಲಿ ಹೆಚ್ಚಿನದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್, ವೈದ್ಯರ ಬಾಯಲ್ಲಿ ಎಎಲ್ಎಲ್. ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುವುದು ಜಾಸ್ತಿ. ಇಂದು ನಾನು ಹೆಚ್ಚು ಹೊತ್ತು ಅದರ ಜೊತೆಗೇ ಇರುತ್ತೇನೆ.

ಯಾಕೆ ಬಂತು ಎಂದು ಪ್ರತಿ ತಾಯಿಯೂ ಕೇಳುತ್ತಾಳೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕಾ, ಮೊಬೈಲ್ ಕೊಟ್ಟಿದ್ದಕ್ಕಾ, ಅಂಗಡಿ ತಿಂಡಿಯಿಂದಲಾ? ಯಾವುದೂ ಅಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಲ್ಲಿ ಲ್ಯುಕೇಮಿಯಾ ಹೆಚ್ಚಿದ್ದು ನಿಜ. ಬೆನ್ಜೀನ್ ಎಂಬ ರಾಸಾಯನಿಕದ ಜೊತೆ ಕೆಲಸ ಮಾಡುವವರಲ್ಲೂ ಹೆಚ್ಚು. ಆದರೆ ಒಂದೊಂದು ಮಗುವಿನ ವಿಷಯಕ್ಕೆ ಬಂದರೆ ಬೊಟ್ಟುಮಾಡಿ ತೋರಿಸುವಂಥ ಕಾರಣ ಬಹುಪಾಲು ಸಿಗುವುದಿಲ್ಲ. ಅಂಟುರೋಗ ಅಲ್ಲ. ಪಕ್ಕದ ಮನೆಯವರು ತಮ್ಮ ಮಗುವನ್ನು ಒಳಗೆ ಕರೆದುಕೊಳ್ಳುವ ಅಗತ್ಯವಿಲ್ಲ.

ನಮ್ಮ ಕಡೆ ಇದು ತಡವಾಗಿ ಗೊತ್ತಾಗುವುದಕ್ಕೆ ಒಂದು ಕಾರಣ ಮಳೆಗಾಲ. ಜ್ವರ, ಪ್ಲೇಟ್‌ಲೆಟ್ ಇಳಿದಿದೆ ಎಂದ ಕೂಡಲೇ ಡೆಂಗ್ಯೂ ಎಂದು ಮನೆಯವರೇ ತೀರ್ಮಾನಿಸುತ್ತಾರೆ, ಪಪ್ಪಾಯಿ ಎಲೆ ರಸ ಅರೆದಾಗುತ್ತದೆ. ತಪ್ಪೇನಿಲ್ಲ, ಹೆಚ್ಚಿನ ಸಲ ಡೆಂಗ್ಯೂ ಜಾತಿಯದೇ ಏನೋ ಇರುತ್ತದೆ. ಆದರೆ ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಹತ್ತು ದಿನದೊಳಗೆ ಮೇಲೇಳುತ್ತದೆ. ಏಳದಿದ್ದರೆ, ಜೊತೆಗೆ ಮಗು ಬಿಳಿಚಿದ್ದರೆ, ಕುತ್ತಿಗೆಯಲ್ಲಿ ಗಂಟುಗಳಿದ್ದರೆ, ಬರೀ ಯಂತ್ರದ ಕೌಂಟ್ ಸಾಲದು. ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಹರಡಿದ ರಕ್ತ, ನೋಡಿಸಿ ಎಂದು ಕೇಳಿ. ಕೆಲವು ಯಂತ್ರಗಳು ಬ್ಲಾಸ್ಟ್‌ಗಳನ್ನೂ ಲಿಂಫೋಸೈಟ್ ಎಂಬ ಮಾಮೂಲಿ ಬಿಳಿ ಕಣವೆಂದು ಲೆಕ್ಕ ಹಾಕಿ ಚೀಟಿ ಕಕ್ಕುತ್ತವೆ. ಇನ್ನೊಂದು ಮಾತು: ಕೀಲುನೋವು, ಜ್ವರ ಎಂದು ರಕ್ತಪರೀಕ್ಷೆಯಿಲ್ಲದೆ ಸ್ಟೆರಾಯ್ಡ್ ಮಾತ್ರೆ ಕೊಡುವ ಅಭ್ಯಾಸ. ಸ್ಟೆರಾಯ್ಡ್ ಎಎಲ್ಎಲ್ ಕಣಗಳನ್ನು ನಿಜಕ್ಕೂ ಕೊಲ್ಲುತ್ತದೆ. ಮಗು ಎದ್ದು ಓಡಾಡುತ್ತದೆ, ಡಾಕ್ಟರ ಕೈಗುಣ ಹೊಗಳಿಸಿಕೊಳ್ಳುತ್ತದೆ. ಕೆಲವು ವಾರ ಬಿಟ್ಟು ರೋಗ ಮರಳುತ್ತದೆ, ಆಗ ಔಷಧಿಗೆ ಬಗ್ಗುವುದು ಕಷ್ಟ.

ಈಗ ಚಿಕಿತ್ಸೆಯ ಕಥೆ. ಅದು ಬಾಸ್ಟನ್ನಿನಲ್ಲಿ ಶುರುವಾಯಿತು ಎಂದು ಪುಸ್ತಕಗಳು ಹೇಳುತ್ತವೆ. ನಾನು ಮುಂಬೈಯಿಂದ ಶುರುಮಾಡುತ್ತೇನೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದಳು. ಬಟ್ಟೆ ಗಿರಣಿಯ ಬಡ ಹೆಂಗಸರು ಬಸಿರಿನಲ್ಲಿ ವಿಪರೀತ ರಕ್ತಹೀನತೆಯಿಂದ ಸಾಯುತ್ತಿದ್ದರು. ಬ್ರೆಡ್ಡಿಗೆ ಹಚ್ಚುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುವುದನ್ನು ಅವಳು ಕಂಡಳು. ಅದರೊಳಗಿನ ಅಂಶಕ್ಕೆ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಆಶಾ ಕಾರ್ಯಕರ್ತೆ ಇವತ್ತು ಬಸುರಿಯರ ಮನೆಗೆ ತಲುಪಿಸುವ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು ಅದೇ.

ಆ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಕಂಪನಿಯ ತಂಡ. ಅದರ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಕೂಡ ನನ್ನ ಹಾಗೆ ಪೆಥಾಲಜಿಸ್ಟೇ. (ಈ ಒಂದು ಮಾತಿಗೆ ನಾನು ಸ್ವಲ್ಪ ಬೀಗುತ್ತೇನೆ, ಕ್ಷಮಿಸಿ.) ರಕ್ತಹೀನತೆಗೆ ಒಳ್ಳೆಯದಾದದ್ದು ಲ್ಯುಕೇಮಿಯಾಕ್ಕೂ ಆದೀತೆಂದು ಫೋಲಿಕ್ ಆಮ್ಲದ ವರ್ಗದ ಔಷಧಿ ಕೊಟ್ಟು ನೋಡಿದ. ರೋಗ ಇನ್ನೂ ಜೋರಾಗಿ ಓಡಿದಂತೆ ಕಂಡಿತು. ಇನ್ನೊಬ್ಬನಾಗಿದ್ದರೆ ಕೈಚೆಲ್ಲುತ್ತಿದ್ದ. ಫಾರ್ಬರ್ ತಿರುಗಿಸಿ ಯೋಚಿಸಿದ: ಇದು ಬ್ಲಾಸ್ಟ್‌ಗಳಿಗೆ ಗೊಬ್ಬರವಾದರೆ, ಗೊಬ್ಬರ ತಪ್ಪಿಸಿದರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ವೇಷ ಹಾಕಿದ, ಆದರೆ ಕೆಲಸ ಕೆಡಿಸುವ ಅಮಿನೊಪ್ಟೆರಿನ್ ಕೊಟ್ಟಿತು. 1948ರ ಜೂನ್‌ನಲ್ಲಿ ಫಾರ್ಬರನ ವರದಿ ಅಚ್ಚಾಯಿತು. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಮಕ್ಕಳ ಲ್ಯುಕೇಮಿಯಾ ಔಷಧಿಗೆ ಹೀಗೆ ಹಿಂದೆಸರಿದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಚೇತರಿಕೆ ಕೆಲವು ತಿಂಗಳಷ್ಟೇ ಬಾಳಿತು, ರೋಗ ತಿರುಗಿ ಬಂತು. ಆ ‘ತಿರುಗಿ ಬಂತು’ ಎಂಬ ಮಾತೇ ನನ್ನ ಉಪನ್ಯಾಸದ ನಡುಗಂಬ.

ಮುಂದೆ ಔಷಧಿಗಳು ಒಂದೊಂದಾಗಿ ಬಂದವು. ಅಮಿನೊಪ್ಟೆರಿನ್ನಿನ ತಮ್ಮ ಮೆಥೊಟ್ರೆಕ್ಸೇಟ್. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ತಯಾರಿಸಿದ 6-ಮರ್ಕಾಪ್ಟೊಪ್ಯೂರಿನ್, ಬಾಯಿಮಾತಿನಲ್ಲಿ 6-ಎಂಪಿ. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಆಮೇಲೆ ವಿಂಕ್ರಿಸ್ಟಿನ್. ಇದರ ಗಿಡ ನಿಮ್ಮಲ್ಲಿ ಅರ್ಧ ಜನರ ಅಂಗಳದಲ್ಲಿದೆ: ನಿತ್ಯಪುಷ್ಪ, ಕೆಲವರ ಬಾಯಲ್ಲಿ ಕಾಶಿ ಕಣಗಿಲೆ. ಅದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂಬ ಮಾತನ್ನು ಪರೀಕ್ಷಿಸಲು ಹೊರಟ ಕೆನಡಾದ ವಿಜ್ಞಾನಿಗಳಿಗೆ ಸಕ್ಕರೆ ಇಳಿಯುವುದು ಕಾಣಲಿಲ್ಲ, ಇಲಿಗಳ ಬಿಳಿ ಕಣ ಇಳಿಯುವುದು ಕಂಡಿತು. ಆ ಎಳೆ ಹಿಡಿದು ಹೋದದ್ದರ ಫಲ ಈ ಔಷಧಿ. ದಯವಿಟ್ಟು ಮನೆಗೆ ಹೋಗಿ ಎಲೆ ಅರೆಯಬೇಡಿ. ಅದು ನರಗಳಿಗೆ ವಿಷ. ರಕ್ತನಾಳಕ್ಕೆ ಕೊಡುವ ವಿಂಕ್ರಿಸ್ಟಿನ್ ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಉಳಿಯುವುದು ದುರ್ಲಭ. ಅದಕ್ಕೇ ಒಳ್ಳೆಯ ವಾರ್ಡುಗಳಲ್ಲಿ ಅದನ್ನೂ ಬೆನ್ನಿಗೆ ಕೊಡುವ ಇಂಜೆಕ್ಷನ್ನನ್ನೂ ಒಂದೇ ಟ್ರೇಯಲ್ಲಿ ಇಡುವುದೇ ಇಲ್ಲ.

ಒಂದೇ ಔಷಧಿ ಕೊಟ್ಟರೆ ರೋಗ ಪಾಠ ಕಲಿಯುತ್ತದೆ, ಹಲವನ್ನು ಒಟ್ಟಿಗೆ ಕೊಡಬೇಕು ಎಂಬುದು ಅರವತ್ತರ ದಶಕದ ತಿಳಿವು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ರೋಗದ ಒಂದು ಅಡಗುದಾಣ ಹಿಡಿದರು. ಔಷಧಿ ಸರಿಯಾಗಿ ತಲುಪದ ಮಿದುಳಿನ ಸುತ್ತಲ ದ್ರವದಲ್ಲಿ ಕೆಲವು ಬ್ಲಾಸ್ಟ್‌ಗಳು ಕೂತುಬಿಡುತ್ತವೆ. ಅದಕ್ಕಾಗಿ ಬೆನ್ನಿನ ಮೂಲಕ ನೇರವಾಗಿ ಮೆಥೊಟ್ರೆಕ್ಸೇಟ್. ಹೀಗೆ ಕಟ್ಟಿದ ಚಿಕಿತ್ಸೆಯಿಂದ ಶ್ರೀಮಂತ ದೇಶಗಳಲ್ಲಿ ಇಂದು ಎಎಲ್ಎಲ್ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಮುಂಬೈ, ಚೆನ್ನೈ, ದೆಹಲಿಯ ದೊಡ್ಡ ಕೇಂದ್ರಗಳು ಎಂಬತ್ತರ ದಶಕದಿಂದ ಎಂಸಿಪಿ-841 ಎಂಬ ಒಂದೇ ಪದ್ಧತಿ ಹಿಡಿದು ಫಲಿತಾಂಶವನ್ನು ಬಹಳ ಮೇಲೆತ್ತಿದವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಮಕ್ಕಳ ವಾರ್ಡನ್ನು ಈ ಸಭೆಯಲ್ಲೂ ಕೆಲವರು ಕಂಡಿರಬಹುದು.

ಈಗ ಒಂದು ಲೆಕ್ಕ. ರೋಗ ಪತ್ತೆಯಾದ ದಿನ ಮಗುವಿನ ಮೈಯಲ್ಲಿ ಅಂದಾಜು ಒಂದು ಲಕ್ಷ ಕೋಟಿ ಬ್ಲಾಸ್ಟ್‌ಗಳಿರುತ್ತವೆ. ಮೊದಲ ಘಟ್ಟದ ನಾಲ್ಕೈದು ವಾರ ಸ್ಟೆರಾಯ್ಡ್, ವಿಂಕ್ರಿಸ್ಟಿನ್, ಆಸ್ಪರಾಜಿನೇಸ್ ಎಲ್ಲ ಸೇರಿ ಬಡಿಯುತ್ತವೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಆ ವಾರಗಳಲ್ಲಿ ಉಳಿಸುವುದು ಆಂಟಿಬಯೋಟಿಕ್ ಮತ್ತು ಯಾರದೋ ಕೈಯಿಂದ ಬಂದ ಪ್ಲೇಟ್‌ಲೆಟ್. ಕೆಂಪು ರಕ್ತದ ಹಾಗೆ ಅದನ್ನು ವಾರಗಟ್ಟಲೆ ಇಡಲಾಗದು, ಐದು ದಿನಕ್ಕೆ ಹಾಳು. ಕೊನೆಗೆ ಮಜ್ಜೆ ತೆಗೆದು ನನ್ನಂಥವನು ನೋಡುತ್ತಾನೆ. ನೂರು ಕಣದಲ್ಲಿ ಐದಕ್ಕಿಂತ ಕಡಿಮೆ ಬ್ಲಾಸ್ಟ್ ಇದ್ದರೆ ರೆಮಿಷನ್ ಎಂದು ಬರೆಯುತ್ತೇವೆ. ಒಂದು ಲಕ್ಷ ಕೋಟಿಯಲ್ಲಿ ನೂರಕ್ಕೆ 99.9 ಪಾಲು ಸತ್ತಿವೆ ಎಂದಿಟ್ಟುಕೊಳ್ಳಿ. ಉಳಿದದ್ದೆಷ್ಟು? ನೂರು ಕೋಟಿ. ನನ್ನ ಸ್ಲೈಡು ಶುಭ್ರ. ಮಗು ಇಡ್ಲಿ ಕೇಳುತ್ತದೆ, ಸೈಕಲ್ ಕೇಳುತ್ತದೆ. ಒಳಗೆ ನೂರು ಕೋಟಿ. ಈಗ ಫ್ಲೋ ಸೈಟೊಮೆಟ್ರಿ ಎಂಬ ಯಂತ್ರ ಹತ್ತು ಸಾವಿರ ಕಣಗಳ ನಡುವೆ ಒಂದು ಬ್ಲಾಸ್ಟ್ ಇದ್ದರೂ ಹಿಡಿಯುತ್ತದೆ. ಅದಕ್ಕೂ ಸಿಗದೆ ಹತ್ತು ಕೋಟಿ ಅಡಗಿರಬಹುದು.

ಈ ಲೆಕ್ಕ ನನಗೆ ಕಾಲೇಜಿನಲ್ಲೇ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತಾಡಿದೆ.

ದೊಡ್ಡ ಊರಿನಲ್ಲಿ ಚಿಕಿತ್ಸೆ ಶುರುಮಾಡಿಸಿಕೊಂಡು ಬಂದ ಒಬ್ಬ ಹುಡುಗ, ಐದು ವರ್ಷದವನು, ಕೌಂಟ್ ನೋಡಿಸಲು ನಮ್ಮ ಲ್ಯಾಬಿಗೆ ಬರುತ್ತಿದ್ದ. ಅಪ್ಪ ಅಡಿಕೆ ತೋಟದಲ್ಲಿ ಕೂಲಿ. ಒಂದು ದಿನ ಬಾಗಿಲ ಬಳಿ ನಿಂತು ಕೇಳಿದ, “ಸಾರ್, ಏನಾದ್ರೂ ಐತಾ?” ಸ್ಲೈಡು ಇನ್ನೂ ಲೆನ್ಸಿನ ಕೆಳಗಿತ್ತು. ಚೆಂದವಾಗಿತ್ತು. “ಏನೂ ಇಲ್ಲ, ಹೋಗಯ್ಯ” ಎಂದೆ. ಸಂತೋಷದಿಂದಲೇ ಅಂದೆ. ಆತ ಕೈಮುಗಿದು ಹೋದ. ಏನೂ ಇಲ್ಲದ ಮೇಲೆ ಮಾತ್ರೆ ಯಾತಕ್ಕೆ? ಮಾತ್ರೆ ತಿಂದರೆ ಹುಡುಗನಿಗೆ ವಾಕರಿಕೆ. ಬೆಂಗಳೂರಿಗೆ ಹೋಗಿಬರಲು ಎರಡು ದಿನದ ಕೂಲಿ ಖೋತಾ. ನಿಲ್ಲಿಸಿಬಿಟ್ಟ. ಎಂಟು ತಿಂಗಳಾದ ಮೇಲೆ ಅದೇ ಹೆಸರಿನ ಸ್ಲೈಡು ನನ್ನ ಮೇಜಿಗೆ ಬಂತು. ಲೆನ್ಸ್ ಇಳಿಸಿದೆ. ಆ ಊರಿನ ತುಂಬ ಅವೇ.

ಅಪ್ಪ ನನ್ನನ್ನು ಬೈಯಲಿಲ್ಲ. “ನೀವೇ ಇಲ್ಲ ಅಂದ್ರಲ್ಲ ಸಾರ್” ಎಂದ, ಅಷ್ಟೇ. ಅಂದಿನಿಂದ ನಾನು ‘ಇಲ್ಲ’ ಎಂಬ ಮಾತನ್ನು ಲ್ಯಾಬಿನಲ್ಲಿ ಆಡಿಲ್ಲ. ‘ಈ ಸ್ಲೈಡಿನಲ್ಲಿ ಕಾಣುತ್ತಿಲ್ಲ’ ಎನ್ನುತ್ತೇನೆ. ವಿರ್ಕೋ ನನಗೆ ಯಾಕೆ ಇಷ್ಟ ಎಂದು ಈಗ ತಿಳಿದಿರಬೇಕು.

ಕಾಣದ ಆ ಕೋಟಿಗಳಿಗಾಗಿಯೇ ಚಿಕಿತ್ಸೆ ಎರಡು, ಎರಡೂವರೆ ವರ್ಷ ಎಳೆಯುವುದು. ಮೊದಲ ಆರೆಂಟು ತಿಂಗಳು ಬಿರುಸು. ಆಮೇಲಿನದು ಮೇಂಟೆನೆನ್ಸ್: ದಿನಾ 6-ಎಂಪಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಆಸ್ಪತ್ರೆಯ ಮಂಚವಿಲ್ಲ, ಬಾಟಲಿ ಇಲ್ಲ, ಸಿನಿಮಾದವರಿಗೆ ಇದರಲ್ಲಿ ದೃಶ್ಯವೇ ಇಲ್ಲ. ಮಗು ಶಾಲೆಗೆ ಹೋಗುತ್ತದೆ, ತಲೆ ತುಂಬ ಹೊಸ ಕೂದಲು. ಮನೆ ದೇವರ ಹರಕೆ ತೀರಿಸಿ ಆಗಿರುತ್ತದೆ. ಆಗಲೇ ಕೈ ಸಡಿಲುವುದು. ಅಮೆರಿಕದ ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಒಂದು ಅಧ್ಯಯನದಲ್ಲಿ, 6-ಎಂಪಿಯನ್ನು ನೂರಕ್ಕೆ 95ಕ್ಕಿಂತ ಕಡಿಮೆ ದಿನ ನುಂಗಿದವರಲ್ಲಿ ರೋಗ ಮರಳುವುದು ಹೆಚ್ಚು ಎಂದು ಕಂಡಿತು. ಲೆಕ್ಕ ಹಾಕಿ, ತಿಂಗಳಿಗೆ ಎರಡು ದಿನ ತಪ್ಪಿದರೆ ಆ ಗೆರೆಯ ಕೆಳಗೆ ಬಂದಂತಾಯಿತು.

ದೊಡ್ಡವರಲ್ಲೂ ಇದೇ ಕಥೆ. ಕ್ರಾನಿಕ್ ಮೈಲಾಯ್ಡ್ ಬಗೆಯಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು ತುದಿ ಅದಲುಬದಲು ಮಾಡಿಕೊಂಡಿರುತ್ತವೆ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊಟಕಾದ ಕ್ರೋಮೋಸೋಮು ಕಣ್ಣಿಗೆ ಬಿತ್ತು, 1973ರಲ್ಲಿ ಜ್ಯಾನೆಟ್ ರೌಲಿ ಅದಲುಬದಲನ್ನು ಗುರುತಿಸಿದರು. ಅದರಿಂದ ಹುಟ್ಟುವ ಕೆಟ್ಟ ಪ್ರೋಟೀನೊಂದನ್ನೇ ಹುಡುಕಿ ಬಾಯಿ ಮುಚ್ಚಿಸುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಕೊಲ್ಲುತ್ತಿದ್ದ ರೋಗ ಬಿ.ಪಿ.ಯ ಹಾಗೆ ದಿನಾ ಮಾತ್ರೆ ನುಂಗಿ ಬಾಳುವಂಥದ್ದಾಯಿತು. ಬೆಲೆಯೇ ಭಯಂಕರವಾಗಿತ್ತು. ಅದರ ಹೊಸ ರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಕಂಪನಿ ಹೂಡಿದ ಮೊಕದ್ದಮೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ದೇಶಿ ಕಂಪನಿಗಳ ಅಗ್ಗದ ಮಾತ್ರೆ ಮಾರುಕಟ್ಟೆಯಲ್ಲಿ ಉಳಿಯಿತು. ಕ್ಯಾನ್ಸರಿನ ಚರಿತ್ರೆಯಲ್ಲಿ ಕೆಲವು ತಿರುವುಗಳು ಕೋರ್ಟಿನಲ್ಲಾಗುತ್ತವೆ. ಆದರೆ ಮಾತ್ರೆ ನುಂಗಿ ಮೂರು ತಿಂಗಳಿಗೆ ಮೈ ಹಗುರಾಗಿ, ನಾಲ್ಕನೇ ತಿಂಗಳು ‘ಈಗೇನೂ ಇಲ್ಲವಲ್ಲ’ ಎಂದು ತಾವೇ ಬಿಟ್ಟವರನ್ನು ನಾನು ಎಣಿಸಲಾರೆ. ಯಾವಾಗ ಬಿಡಬಹುದು ಎಂಬುದನ್ನು ವರ್ಷಗಳ ಕಾಲ ಸೂಕ್ಷ್ಮ ಪರೀಕ್ಷೆ ಮಾಡಿಸಿದ ವೈದ್ಯರೇ ಹೇಳಬೇಕು.

ಮಜ್ಜೆ ಕಸಿಯ ಬಗ್ಗೆ ಚೀಟಿಯಲ್ಲಿ ಕೇಳಿದ್ದೀರಿ. ಎಲ್ಲರಿಗೂ ಬೇಡ. ಔಷಧಿಗೆ ಬಗ್ಗದ, ಮರಳಿ ಬಂದ ರೋಗಕ್ಕೆ ಅದು. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ದೇಶದಲ್ಲಿ 1983ರಲ್ಲೇ ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಆಯಿತು. ಇನ್ನು ರೋಗಿಯದೇ ಟಿ-ಕಣಗಳೆಂಬ ಬಿಳಿ ಕಣಗಳನ್ನು ಹೊರತೆಗೆದು, ಬ್ಲಾಸ್ಟ್‌ಗಳ ಗುರುತು ಹಿಡಿಯುವುದನ್ನು ಕಲಿಸಿ, ಮರಳಿ ಮೈಗೆ ಬಿಡುವ ಸಿಎಆರ್-ಟಿ. ಐಐಟಿ ಬಾಂಬೆ ಮತ್ತು ಟಾಟಾ ಸೇರಿ ಬೆಳೆಸಿದ ಇಂಥ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಹೊರದೇಶದ್ದಕ್ಕಿಂತ ಎಷ್ಟೋ ಅಗ್ಗ, ಆದರೂ ಲಕ್ಷಗಳ ಮಾತು. ಅದರ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. 6-ಎಂಪಿಯ ಸುದ್ದಿ ಬರುವುದಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರನ್ನು ಉಳಿಸುವುದು 1950ರ ದಶಕದ ಆ ಅಗ್ಗದ ಮಾತ್ರೆಯೇ ಎಂಬುದು ನನ್ನ ಅಭಿಪ್ರಾಯ.

ನಿವೃತ್ತಿಯ ಹಿಂದಿನ ವರ್ಷ ಒಬ್ಬ ಹೆಂಗಸು ಏಳು ವರ್ಷದ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಚೀಲದಲ್ಲಿ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್. ಬೆಂಗಳೂರಿನ ಡಾಕ್ಟರು ಮಾತ್ರೆಯ ಲೆಕ್ಕ ಕೇಳುತ್ತಾರೆಂದು ಅದನ್ನೇ ಒಯ್ಯುತ್ತಿದ್ದಳಂತೆ. ಮೇಜಿನ ಮೇಲೆ ಬಿಡಿಸಿದಳು. ತಾರೀಕುಗಳ ಮೂಲೆಯಲ್ಲಿ ಪೆನ್ನಿನಿಂದ ಒಂದು ದಿನ ಪೂರ್ತಿ ಸೊನ್ನೆ, ಮರುದಿನ ಅರ್ಧ. ಪ್ರತಿ ಗುರುವಾರ ಸಣ್ಣ ಸಣ್ಣ ಚುಕ್ಕಿಗಳು. ಆ ಕ್ಯಾಲೆಂಡರಿನಲ್ಲಿ ಹುಣ್ಣಿಮೆಗೂ ಅಚ್ಚಿನ ಒಂದು ಸೊನ್ನೆ ಇತ್ತು. ನಾನು ಕನ್ನಡಕ ಏರಿಸಿಕೊಂಡು, ಇದೇನಮ್ಮ, ತಿಂಗಳಿಗೆ ಇಷ್ಟೊಂದು ಹುಣ್ಣಿಮೆ ಎಂದೆ.

“ಅದು ಹುಣ್ಣಿಮೆ ಅಲ್ಲ ಸಾರ್,” ಮಗಳೇ ಹೇಳಿದಳು, “ಒಂದು ಮಾತ್ರೆ. ಅರ್ಧ ಇರೋದು ಅರ್ಧ ಮಾತ್ರೆ. ನಾನೇ ಬರೆಯೋದು.” ಜನವರಿಯಿಂದ ಹಾಳೆ ಮಗುಚಿದೆ. ಒಂದು ಮನೆಯೂ ಖಾಲಿ ಇರಲಿಲ್ಲ. ಆಮೇಲೆ ಅವಳು ಎಡಗೈಯ ಉಂಗುರ ಬೆರಳನ್ನು ತಾನೇ ಮುಂದೆ ಚಾಚಿದಳು, ಸೂಜಿಗೆ.